ಬಚ್ಚಲ ಮನೆಗೆ ನುಗ್ಗಿದ ಟ್ರಾಕ್ಟರು

ಕಡುಬಿನ ಹಿಟ್ಟನ್ನು ಬಿಸಿಯಿರುವಾಗಲೇ ನಾದಬೇಕು. ಆರಲು ಬಿಟ್ಟರೆ ಉಂಡೆ ಬಿರಿಯುತ್ತದೆ. ಆ ದಿನ ಬೆಳಿಗ್ಗೆ ನಾನು ಪಕ್ಕದಲ್ಲಿ ತಣ್ಣೀರಿನ ಬೋಗುಣಿ ಇಟ್ಟುಕೊಂಡು, ಕೈ ಅದ್ದಿ ಅದ್ದಿ, ಹಬೆಯಾಡುವ ಅಕ್ಕಿ ತರಿಯ ಹಿಟ್ಟನ್ನು ಉಂಡೆ ಕಟ್ಟುತ್ತಿದ್ದೆ. ಒಲೆಯ ಇನ್ನೊಂದು ಬಾಯಿಯಲ್ಲಿ ಕೋಳಿ ಸಾರು ಕುದಿಯುತ್ತಿತ್ತು. ಮಗಳ ಮದುವೆಯಾದ ಮೇಲೆ ಮೊದಲ ಸಲ ಬೀಗಿತ್ತಿ ನಮ್ಮ ಮನೆಗೆ ಬಂದಿದ್ದರು. ಮಗಳು, ಅಳಿಯ ಜೊತೆಗಿದ್ದರು. ಹೊರಗೆ ಟ್ರಾಕ್ಟರು ಗುಡುಗುಡು ಎಂದದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಧಡ್ ಎಂದು ಸದ್ದಾಯಿತು. ಒಟ್ಟಿದ ಸೌದೆ ಜಾರಿರಬೇಕು ಎಂದುಕೊಂಡು ನಾದುವುದನ್ನು ಬಿಡಲಿಲ್ಲ.

ಕಾಫಿ ಕಣ ಗುಡಿಸಲು ಬರುತ್ತಿದ್ದ ಹೆಂಗಸು ಹಿತ್ತಿಲ ಬಾಗಿಲಿಗೆ ಬಂದು ನಿಂತಳು. ಅವಳ ಕೈಯಲ್ಲಿ ಪೊರಕೆ ಹಾಗೇ ಇತ್ತು.

"ಅಮ್ಮಾ, ಟ್ರಾಕ್ಟರು ಬಚ್ಚಲ ಮನೆ ಒಳಗೆ ಹೋಯ್ತು" ಎಂದಳು.

"ಯಾವ ಬಚ್ಚಲ ಮನೆ?" ಎಂದು ಕೇಳಿದೆ.

ನಮಗಿದ್ದದ್ದು ಒಂದೇ ಬಚ್ಚಲ ಮನೆ. ಅದರಲ್ಲಿ ಬೀಗಿತ್ತಿ ತಲೆಗೆ ಎಣ್ಣೆ ಒತ್ತಿಸಿಕೊಂಡು ಮೀಯಲು ಕೂತಿದ್ದರು.

ಇದನ್ನು ಸರಿಯಾಗಿ ಹೇಳಬೇಕಾದರೆ ಆ ಟ್ರಾಕ್ಟರಿನ ವಯರಿಂಗಿನ ಕಥೆಯಿಂದ ಹೇಳಬೇಕು. ಬಣಕಲ್ಲಿನಿಂದ ಬಾಳೂರಿನ ಕಡೆಗೆ ಹೋಗುವ ದಾರಿಯಲ್ಲಿ ನಮ್ಮದು ಸಣ್ಣ ಕಾಫಿ ತೋಟ. ಬಿಳಿ ದೊರೆಯೊಬ್ಬರು ಎಸ್ಟೇಟು ಮಾರಿ ಊರಿಗೆ ಹೊರಟಾಗ ನಮ್ಮ ಮಾವನವರು ಅವರ ಹತ್ತಿರ ಕೊಂಡುಕೊಂಡ ಬೂದು ಬಣ್ಣದ ಟ್ರಾಕ್ಟರು ಅದು. ಪೆಟ್ರೋಲಿನಲ್ಲಿ ಹೊತ್ತಿಕೊಳ್ಳುತ್ತಿತ್ತು, ಎಂಜಿನು ಕಾದ ಮೇಲೆ ನಲ್ಲಿ ತಿರುಗಿಸಿದರೆ ಸೀಮೆಎಣ್ಣೆಯಲ್ಲಿ ಓಡುತ್ತಿತ್ತು. ಕುಯ್ಲಿನ ಕಾಲದಲ್ಲಿ ಅದರ ಪಕ್ಕದ ಚಕ್ರಕ್ಕೆ ಬೆಲ್ಟು ಹಾಕಿ ಪಲ್ಪರ್ ತಿರುಗಿಸುತ್ತಿದ್ದೆವು. ಹಣ್ಣು ಕಾಫಿಯನ್ನು ಕುಯ್ದ ದಿನವೇ ಸಿಪ್ಪೆ ಬಿಡಿಸದಿದ್ದರೆ ಹುಳಿ ಬರುತ್ತದೆ. ಹಾಗಾಗಿ ಆ ಟ್ರಾಕ್ಟರು ಮನೆಯ ಒಂದು ಎತ್ತಿದ್ದ ಹಾಗೆ. ತೊಂಬತ್ತರ ದಶಕದಲ್ಲಿ ಕಾಫಿಗೆ ಒಳ್ಳೆಯ ಕಾಲ ಬಂದು ಸುತ್ತಲಿನವರು ಕೆಂಪು, ನೀಲಿ ಡೀಸೆಲ್ ಟ್ರಾಕ್ಟರು ತಂದರು. ಇವರು ಮಾತ್ರ ಅಪ್ಪ ತಂದದ್ದನ್ನು ಬಿಡಲಿಲ್ಲ. ಇವರು ಎಂದರೆ ನನ್ನ ಯಜಮಾನರು.

ಬಿಡದಿದ್ದರೆ ಬೇಡ. ಆದರೆ ಅದರ ಡೈನಮೋ ಚಾರ್ಜು ಮಾಡುತ್ತಿರಲಿಲ್ಲ. ಬ್ಯಾಟರಿ ಯಾವಾಗಲೂ ಅರೆಜೀವ. ಸೆಲ್ಫ್ ಹೊಡೆದರೆ ಕ್ಲಿಕ್ ಎನ್ನುವುದೂ ನಿಂತುಹೋಗಿತ್ತು. ಗುಡ್ಡದ ನಾಡಿನವರಿಗೆ ಅದಕ್ಕೊಂದು ದಾರಿ ಉಂಟು. ನಮ್ಮ ಕಡೆ ಬ್ಯಾಟರಿ ಸತ್ತ ಜೀಪನ್ನಾಗಲಿ ಟ್ರಾಕ್ಟರನ್ನಾಗಲಿ ಯಾರೂ ಸಮತಟ್ಟಿನಲ್ಲಿ ನಿಲ್ಲಿಸುವುದಿಲ್ಲ. ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ, ಒಂದನೇ ಗೇರಿಗೆ ಹಾಕಿ, ಚಕ್ರಕ್ಕೊಂದು ಕಲ್ಲು ಕೊಟ್ಟು ಬರುತ್ತಾರೆ. ಬೆಳಿಗ್ಗೆ ಹತ್ತಿ ಕೂತು ಕ್ಲಚ್ಚು ತುಳಿದರೆ ಯಾರಾದರೂ ಕಲ್ಲು ತೆಗೆಯುತ್ತಾರೆ. ಗಾಡಿ ಉರುಳುತ್ತದೆ. ಉರುಳುವಾಗ ಕ್ಲಚ್ಚು ಬಿಟ್ಟರೆ ಎಂಜಿನು ಹೊತ್ತಿಕೊಳ್ಳುತ್ತದೆ. ನಮ್ಮ ಟ್ರಾಕ್ಟರಿನ ಕೊಟ್ಟಿಗೆ ಮನೆಗಿಂತ ಮೇಲಿತ್ತು. ಅಲ್ಲಿಂದ ಕಣದವರೆಗೂ ಒಳ್ಳೆಯ ಇಳಿಜಾರು. ಇಳಿಜಾರು ಮುಗಿಯುವಲ್ಲಿ ಎಡಕ್ಕೆ ಹೊರಳಿದರೆ ಕಣ. ಹೊರಳದೆ ನೇರ ಬಂದರೆ ಬಚ್ಚಲ ಮನೆ. ಇಷ್ಟು ವರ್ಷ ಯಾರೂ ನೇರ ಬಂದಿರಲಿಲ್ಲ.

ಮಗಳ ಮದುವೆ ನಮ್ಮ ಕಣದಲ್ಲೇ ಆಯಿತು. ಮರುದಿನ ಗಂಡಿನ ಕಡೆಯ ಪಾತ್ರೆ, ಕುರ್ಚಿ, ಜಮಖಾನ ಎಲ್ಲವನ್ನೂ ಈ ಟ್ರಾಕ್ಟರಿನ ಟ್ರೇಲರಿನಲ್ಲೇ ರಸ್ತೆಯವರೆಗೆ ಸಾಗಿಸಬೇಕಿತ್ತು. ಸಾಮಾನು ತುಂಬಲೆಂದು ಕಣದ ಸಮತಟ್ಟಿನಲ್ಲಿ ನಿಲ್ಲಿಸಿದ್ದರು. ಯಾರೋ ಅರಿಯದವರು ಎಂಜಿನು ಆಫ್ ಮಾಡಿದರು. ಅಷ್ಟೇ. ಜರಿ ಪಂಚೆ ಉಟ್ಟ ಬೀಗರ ಕಡೆಯವರೆಲ್ಲ ಪಂಚೆ ಎತ್ತಿ ಕಟ್ಟಿ ಟ್ರಾಕ್ಟರು ತಳ್ಳಿದರು. ಅಳಿಯನ ಸೋದರಮಾವ ಬೆವರು ಒರೆಸಿಕೊಳ್ಳುತ್ತ, "ಹೆಣ್ಣು ತಗೊಂಡಿದ್ದಕ್ಕೆ ಟ್ರಾಕ್ಟರು ತಳ್ಳೋ ಕೆಲಸಾನೂ ನಮಗೇನಾ ಮಾರಾಯ್ರೆ?" ಎಂದರು. ಎಲ್ಲರೂ ನಕ್ಕರು. ಇವರೂ ನಕ್ಕರು. ಆದರೆ ಇವರ ಕಿವಿ ಕೆಂಪಾದದ್ದು ನನಗೆ ಕಂಡಿತು. ನಾನು ತಲೆ ತಗ್ಗಿಸಿ ಎಲೆ ಅಡಿಕೆಯ ತಟ್ಟೆ ಹಿಡಿದು ಒಳಗೆ ಹೋದೆ.

ಬೀಗರು ಕಳಸದಿಂದಾಚೆಯವರು, ದೊಡ್ಡ ತೋಟದವರು. ಮಗಳು ಮೂಡಿಗೆರೆಯ ಕಾಲೇಜಿನಲ್ಲಿ ಕೊನೆಯ ವರ್ಷ ಓದುತ್ತಿದ್ದಳು. ಸಂಬಂಧ ಕೂಡಿಬಂತು, ಬಿಡಬಾರದು ಎಂದು ಮದುವೆ ಮಾಡಿದೆವು. ಪರೀಕ್ಷೆ ಬಾಕಿ ಉಳಿಯಿತು. ಗಂಡನ ಮನೆಯಿಂದ ದಿನಾ ಬಸ್ಸಿನಲ್ಲಿ ಮೂಡಿಗೆರೆಗೆ ಬಂದು ಹೋಗುವುದು ಆಗದ ಮಾತು. ನಮ್ಮ ಮನೆಯಲ್ಲಿ ಇದ್ದರೆ ಆಗುತ್ತಿತ್ತು. ಮಾತುಕತೆಯ ಹೊತ್ತಿನಲ್ಲಿ ಇದನ್ನು ಕೇಳಿದಾಗ ಬೀಗಿತ್ತಿ "ನೋಡುವ" ಎಂದಿದ್ದರು. ನಮ್ಮ ಕಡೆ ನೋಡುವ ಎಂದರೆ ಹೌದೂ ಅಲ್ಲ, ಅಲ್ಲವೂ ಅಲ್ಲ. ಬಹಳ ಸಲ ಅದು ಅಲ್ಲವೇ ಆಗಿರುತ್ತದೆ. ಮಗಳು ಫೋನಿನಲ್ಲಿ ಬೇರೆ ಏನೂ ಮಾತಾಡುತ್ತಿರಲಿಲ್ಲ. "ಅಮ್ಮ, ಅತ್ತೆ ಬಂದಾಗ ನೀನೇ ಕೇಳು. ಊಟ ಆದ ಮೇಲೆ ಕೇಳು" ಎನ್ನುತ್ತಿದ್ದಳು. ಹೊಟ್ಟೆ ತುಂಬಿದವರು ಬೇಗ ಒಪ್ಪುತ್ತಾರೆ ಎಂಬುದನ್ನು ನನ್ನಿಂದಲೇ ಕಲಿತಿದ್ದಳು.

ಬೀಗಿತ್ತಿ ಬರುತ್ತಾರೆ ಎಂದು ಗೊತ್ತಾದ ದಿನ ನಾನು ಕೋಳಿ ಲೆಕ್ಕ ಹಾಕಿದೆ. ಇವರು ಟ್ರಾಕ್ಟರಿನ ಬಾನೆಟ್ಟು ಬಿಚ್ಚಿದರು. "ಆ ಸೋದರಮಾವ ಇನ್ನೊಂದ್ಸಲ ಬಾಯಿ ತೆಗೀಬಾರದು" ಎಂದರು. ಮೊದಲ ಕುಯ್ಲು ಮುಗಿದು ಎರಡನೆಯದು ಶುರುವಾಗುವ ಮುಂಚಿನ ಬಿಡುವು ಅದು. ನಮ್ಮ ಜಗಲಿಯ ತುಂಬ ಹಳೆಯ ವಯರುಗಳು ಬಂದು ಬಿದ್ದವು. ಬಟ್ಟೆ ಸುತ್ತಿದ ಹಳೆಯ ಕಾಲದ ವಯರು, ಹಾವಿನ ಪೊರೆಯ ಹಾಗೆ ಸುಲಿಯುತ್ತಿತ್ತು. ಕೆಲವನ್ನು ಇಲಿ ತಾಮ್ರ ಕಾಣುವ ತನಕ ಕಡಿದಿತ್ತು. ಇವರ ಹತ್ತಿರ ದೊರೆಯ ಕಾಲದ ಇಂಗ್ಲಿಷ್ ಪುಸ್ತಕವೊಂದಿತ್ತು. ಅದನ್ನು ಮೊಣಕಾಲ ಮೇಲಿಟ್ಟುಕೊಂಡು, ಬೆರಳಿಟ್ಟು ಓದಿ, ಒಂದೊಂದೇ ವಯರನ್ನು ಕೀಳುತ್ತಿದ್ದರು. ಕಿತ್ತದ್ದು ಎಲ್ಲಿಂದ ಎಲ್ಲಿಗೆ ಹೋಗಿತ್ತೆಂದು ಮರೆಯಬಾರದಲ್ಲ. ನಾನು ಹಳೆಯ ಸೀರೆ, ರವಿಕೆಗಳನ್ನು ಪಟ್ಟಿ ಪಟ್ಟಿ ಹರಿದುಕೊಟ್ಟೆ. ಡೈನಮೋದಿಂದ ಬರುವುದಕ್ಕೆ ಹಸಿರು ರವಿಕೆಯ ಪಟ್ಟಿ, ಕಿಡಿ ಕೊಡುವ ಕಾಯಿಲಿಗೆ ಹೋಗುವುದಕ್ಕೆ ಕೆಂಪು ಅಂಚು, ದೀಪದ ವಯರಿಗೆ ಬಿಳಿ ಪಂಚೆ. ಗುರುತು ಕಟ್ಟುವ ಕೆಲಸ ನನ್ನದಾಯಿತು. ದೇವರ ದಯೆ, ಒಂದೂ ಅದಲು ಬದಲಾಗಲಿಲ್ಲ.

ಬೆಸುಗೆಯ ಕಡ್ಡಿಯನ್ನು ನನ್ನ ಅಡುಗೆ ಒಲೆಯಲ್ಲೇ ಕಾಯಿಸುತ್ತಿದ್ದರು. ಬೆಸುಗೆ ಹಿಡಿಯಲು ರಾಳ ಬೇಕು. ಪೇಟೆಯಿಂದ ತಂದದ್ದು ಮುಗಿದಾಗ ದೇವರ ಕೋಣೆಯಲ್ಲಿ ಧೂಪಕ್ಕೆಂದು ಇಟ್ಟಿದ್ದ ರಾಳದ ಡಬ್ಬಿಗೆ ಕೈ ಹಾಕಿದರು. ನಾನು ಬೇಡ ಎಂದೆ. "ನಿನ್ನ ದೇವರಿಗೆ ಹೊಗೆ ಹೋಗತ್ತಲ್ಲ, ಸಾಕು" ಎಂದರು. ಡೈನಮೋದ ಪಕ್ಕದ ಚಿಕ್ಕ ಪೆಟ್ಟಿಗೆ, ಕಟೌಟ್ ಎನ್ನುತ್ತಾರೆ, ಅದರ ಒಳಗಿನ ಬಿಲ್ಲೆಗಳು ಸುಟ್ಟು ಕರಕಲಾಗಿದ್ದವು. ಚಾರ್ಜು ಆಗದೆ ಇದ್ದದ್ದು ಅದಕ್ಕೇ. ಅದನ್ನು ಚಿಕ್ಕಮಗಳೂರಿಗೆ ಹೋಗಿ ಹುಡುಕಿ ತಂದರು. ಹೊಸ ಬ್ಯಾಟರಿ ಕೂಡ ಬಂತು. ಎಲ್ಲ ಗಾಡಿಗಳಲ್ಲಿ ಬ್ಯಾಟರಿಯ ಮೈನಸ್ಸನ್ನು ಗಾಡಿಯ ಕಬ್ಬಿಣದ ಮೈಗೆ ಜೋಡಿಸುತ್ತಾರಂತೆ. ಈ ಹಳೆಯದರಲ್ಲಿ ಉಲ್ಟಾ, ಪ್ಲಸ್ಸನ್ನು ಮೈಗೆ ಜೋಡಿಸಬೇಕು. ಬಣಕಲ್ಲಿನ ವಯರಿಂಗ್ ಅಂಗಡಿಯವನೂ ಸೇರಿ ಎಲ್ಲರೂ ಇದು ತಪ್ಪು ಎಂದರೂ ಇವರು ಪುಸ್ತಕವನ್ನು ನಂಬಿದರು. ಅದು ಸರಿಯಾಗಿತ್ತು. ಕಷ್ಟದ್ದೆಲ್ಲ ಸರಿಯಾಗಿಯೇ ಮಾಡಿದರು. ಅದನ್ನು ಹೇಳದೆ ಹೋದರೆ ಅನ್ಯಾಯವಾಗುತ್ತದೆ.

ಉಳಿದದ್ದು ಸೆಲ್ಫು. ಈ ಟ್ರಾಕ್ಟರಿನ ಸೆಲ್ಫಿಗೆ ಬೇರೆ ಬಟನ್ನು ಇರಲಿಲ್ಲ. ಗೇರಿನ ಕಡ್ಡಿಯನ್ನೇ ಎಲ್ಲ ಗೇರುಗಳಿಂದ ಬಿಡಿಸಿ ಒಂದು ಮೂಲೆಗೆ ತಳ್ಳಿದರೆ ಎಂಜಿನು ತಿರುಗುತ್ತಿತ್ತು. ಕಡ್ಡಿಯ ಬುಡದಲ್ಲಿದ್ದ ಆ ಸ್ವಿಚ್ಚು ತುಕ್ಕು ಹಿಡಿದು ಒಂದೇ ಮುದ್ದೆಯಾಗಿತ್ತು. ಚಿಕ್ಕಮಗಳೂರಿನಲ್ಲೂ ಸಿಗಲಿಲ್ಲ. ಇವರು ಹಳೆಯ ಜೀಪೊಂದರ ಸೆಲ್ಫ್ ಬಟನ್ನು ತಂದು ಸ್ಟೇರಿಂಗಿನ ಕೆಳಗೆ ಕೂರಿಸಿ, ದಪ್ಪ ವಯರೊಂದನ್ನು ನೇರವಾಗಿ ಎಳೆದರು. ಅದಕ್ಕೂ ನಾನೇ ಪಟ್ಟಿ ಕಟ್ಟಿದೆ. ದೊರೆಗಳು ಆ ಸ್ವಿಚ್ಚನ್ನು ಗೇರಿನ ಕಡ್ಡಿಗೆ ಯಾಕೆ ಕಟ್ಟಿದ್ದರು ಎಂದು ಇವರೂ ಯೋಚಿಸಲಿಲ್ಲ, ನನಗಂತೂ ತಿಳಿಯುವ ವಿಷಯವೇ ಅಲ್ಲ.

ಎಲ್ಲ ಜೋಡಿಸಿ ಮುಗಿದ ದಿನ ಟ್ರಾಕ್ಟರನ್ನು ಕಣದಲ್ಲಿ ನಿಲ್ಲಿಸಿ ಇವರು ನನ್ನನ್ನು ಕರೆದರು. ಬಟನ್ನು ಒತ್ತಿದರು. ಎಂಜಿನು ಒಂದೇ ಸಲಕ್ಕೆ ಹೊತ್ತಿಕೊಂಡಿತು. ಎದುರಿನ ಗಡಿಯಾರದಂಥ ಮೀಟರಿನಲ್ಲಿ ಎಷ್ಟೋ ವರ್ಷಗಳಿಂದ ಮಲಗಿದ್ದ ಮುಳ್ಳು ಮೆಲ್ಲಗೆ ಎದ್ದು ಚಾರ್ಜಿನ ಕಡೆಗೆ ವಾಲಿತು. "ನೋಡೇ, ಎದ್ದಿತು ನೋಡು" ಎಂದರು. ನಾನು ಒಳಗೆ ಹೋಗಿ ಕುಂಕುಮ ತಂದು ಬ್ಯಾಟರಿಗೂ ಡೈನಮೋಗೂ ಇಟ್ಟು ಹೊರನಾಡಿನ ಅಮ್ಮನಿಗೆ ಅಲ್ಲಿಂದಲೇ ಕೈ ಮುಗಿದೆ. ಇನ್ನು ಬೀಗರ ಮುಂದೆ ತಲೆ ತಗ್ಗಿಸುವುದಿಲ್ಲ ಎಂದು ಸಂತೋಷವಾಯಿತು. ಸಂಜೆ ಇವರು ಟ್ರಾಕ್ಟರನ್ನು ಕೊಟ್ಟಿಗೆಗೆ ಒಯ್ದರು. ಮೂತಿ ಕೆಳಗೆ ಮಾಡಿ, ಒಂದನೇ ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ಬಂದರು. ಕೈಗೆ ಅಂಟಿದ ರೂಢಿ. ಬೇಡವೆಂದರೂ ಬಿಡುವುದಿಲ್ಲ.

ಬೀಗಿತ್ತಿ ಬಂದ ದಿನ ಒಳ್ಳೆಯ ಬಿಸಿಲಿತ್ತು, ಎರಡನೇ ಕುಯ್ಲೂ ಶುರುವಾಗಿತ್ತು. ಜೀಪಿನಲ್ಲಿ ದೂರದಿಂದ ಬಂದವರಿಗೆ ಮೊದಲು ಕಾಫಿ, ಆಮೇಲೆ ಎಣ್ಣೆ ಹಚ್ಚಿ ಹಂಡೆ ನೀರಿನ ಸ್ನಾನ, ಅದಾದ ಮೇಲೆ ಊಟ. ನಮ್ಮ ಕಡೆ ದೊಡ್ಡವರಿಗೆ ಮಾಡುವ ಮರ್ಯಾದೆ ಅದು. ಹಿಂದಿನ ರಾತ್ರಿಯೇ ಹಂಡೆ ತುಂಬಿಸಿ, ಬೆಳಗಿನಿಂದ ದೊಡ್ಡ ಸೌದೆ ಕುಂಟೆ ಹಾಕಿ ಕಾಯಿಸಿದ್ದೆ. ಬೀಗಿತ್ತಿ ನನಗಿಂತ ದೊಡ್ಡವರು, ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಅವರು ಹೆಚ್ಚು ಮಾತಿನವರಲ್ಲ. ಮಗಳ ಕೈಯಲ್ಲಿ ಎಣ್ಣೆ ಹಚ್ಚಿಸಿಕೊಂಡು, ಸೀಗೆಪುಡಿಯ ಬಟ್ಟಲು ಹಿಡಿದು ಬಚ್ಚಲಿಗೆ ಹೋದರು.

ಆ ಹೊತ್ತಿಗೆ ಇವರು ಅಳಿಯನನ್ನು ಕೊಟ್ಟಿಗೆಗೆ ಕರೆದೊಯ್ದಿದ್ದರು. ಊಟದ ತನಕ ಕಾಯಬಹುದಿತ್ತು. ಕಾಯಲು ಆಗಲಿಲ್ಲ. ಹೊಸ ವಯರಿಂಗನ್ನು ಒಂದೊಂದೇ ತೋರಿಸಿದರಂತೆ, ಪ್ಲಸ್ಸು ಗಾಡಿಯ ಮೈಗೆ ಎಂಬುದನ್ನೂ ವಿವರಿಸಿದರಂತೆ. ಕೊನೆಗೆ, "ತಳ್ಳೋದೂ ಬೇಡ, ಉರುಳಿಸೋದೂ ಬೇಡ, ಒಂದು ಬೆರಳು ಸಾಕು" ಎಂದು, ಹತ್ತಿ ಕೂರುವಷ್ಟೂ ತಾಳ್ಮೆಯಿಲ್ಲದೆ, ಪಕ್ಕದಲ್ಲಿ ನೆಲದ ಮೇಲೆ ನಿಂತುಕೊಂಡೇ ಕೈ ಚಾಚಿ ಬಟನ್ನು ಒತ್ತಿದರು.

ಟ್ರಾಕ್ಟರು ಗೇರಿನಲ್ಲಿತ್ತು. ಹೊಸ ಬ್ಯಾಟರಿಯ ಬಲ ನೋಡಿ, ಸೆಲ್ಫು ತಿರುಗಿದ್ದೇ ಗಾಡಿಯನ್ನೂ ಎಳೆದುಕೊಂಡು ಹೊರಟಿತು. ಚಕ್ರ ಕಲ್ಲಿನ ಮೇಲೆ ಹತ್ತಿ ಆಚೆ ಇಳಿಯುವಷ್ಟರಲ್ಲಿ ಎಂಜಿನೂ ಹೊತ್ತಿಕೊಂಡಿತು. ಇವರು ಹಿಂದೆ ಓಡಿದರು. ಮಡ್ಗಾರ್ಡು ಹಿಡಿದು ಹತ್ತಲು ನೋಡಿ ಜಾರಿಬಿದ್ದರು. ಮೊಣಕೈ ಸುಲಿಯಿತು, ಚಕ್ರ ಮಾತ್ರ ಮೈಮೇಲೆ ಹೋಗಲಿಲ್ಲ. ಅದನ್ನು ನಾನು ಇವತ್ತಿಗೂ ಬೆಳಗಿನ ದೀಪಕ್ಕೆ ಹೇಳಿಕೊಳ್ಳುತ್ತೇನೆ. ಟ್ರಾಕ್ಟರು ಯಾರ ಹಂಗೂ ಇಲ್ಲದೆ ಇಳಿಜಾರು ಇಳಿದು, ಕಣದ ಕಡೆ ಹೊರಳಿಸುವವರಿಲ್ಲದೆ, ನೇರವಾಗಿ ಬಚ್ಚಲ ಮನೆಯ ಮಣ್ಣು ಗೋಡೆಗೆ ಗುದ್ದಿ ಮುಂದಿನ ಚಕ್ರಗಳ ತನಕ ಒಳಗೆ ಹೋಯಿತು.

ನಾನು ಹಿಟ್ಟಿನ ಕೈಯಲ್ಲೇ ಓಡಿದೆ. ಹೋಗಿ ನೋಡಿದರೆ ಅಳಿಯ, ಇವರು, ಮೇಸ್ತ್ರಿ, ಕೆಲಸದವರು ಎಲ್ಲರೂ ಬಚ್ಚಲಿನ ಹತ್ತಿರ ಸಾಲಾಗಿ ನಿಂತಿದ್ದರು. ಗಂಡಸರೆಲ್ಲ ಟ್ರಾಕ್ಟರಿಗೆ ಬೆನ್ನು ಹಾಕಿ ನಿಂತಿದ್ದರು. ಒಳಗೆ ಹೆಂಗಸು ಮೀಯುತ್ತಿದ್ದಾರೆ, ಗೋಡೆ ಇಲ್ಲ, ಯಾರು ತಿರುಗಿ ನೋಡುತ್ತಾರೆ? ಅಳಿಯ ಬೆಟ್ಟದ ಕಡೆ ಮುಖ ಮಾಡಿಕೊಂಡು "ಅಮ್ಮಾ, ಅಮ್ಮಾ" ಎಂದು ಕೂಗುತ್ತಿದ್ದ. ಮಗಳು ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು.

ಆಗ ಒಳಗಿಂದ ಬೀಗಿತ್ತಿಯ ಧ್ವನಿ ಕೇಳಿತು.

"ಯಾರದು? ನಂದಿನ್ನೂ ಮಿಂದಾಗಿಲ್ಲ."

ನನಗೆ ಜೀವ ಬಂದಿತು. ಜೀವ ಬಂದ ಕೂಡಲೇ ನಾಚಿಕೆಯೂ ಬಂದಿತು. ಎರಡೂ ಒಟ್ಟಿಗೇ ಬಂದವು, ಯಾವುದು ಮೊದಲೆಂದು ಹೇಳಲಾರೆ. ನಾನು ಉರುಳಿದ ಮಣ್ಣು ಹೆಂಟೆಗಳ ಮೇಲೆ ಕಾಲಿಟ್ಟು ಒಳಗೆ ಹೋದೆ. ನಮ್ಮ ಬಚ್ಚಲಿನಲ್ಲಿ ಹಂಡೆಯ ಒಲೆಗೂ ಮೀಯುವ ಕಲ್ಲಿಗೂ ನಡುವೆ ಎದೆಯೆತ್ತರದ ಮೋಟು ಗೋಡೆಯೊಂದು ಇತ್ತು. ಮಾವನವರು ಹೊಗೆ ತಡೆಯಲೆಂದು ಕಟ್ಟಿಸಿದ್ದು. ಟ್ರಾಕ್ಟರು ಹಂಡೆಯ ಪಾಲಿಗೆ ಬಂದಿತ್ತು. ಮೋಟು ಗೋಡೆ ನಿಂತಿತ್ತು. ಹಂಡೆ ವಾಲಿ, ಕುದಿನೀರೆಲ್ಲ ಒಲೆಗೂ ಎಂಜಿನಿನ ಮೇಲೂ ಚೆಲ್ಲಿ, ಬೆಂಕಿ ಆರಿತ್ತು. ಇವರು ಅಷ್ಟು ಭಕ್ತಿಯಿಂದ ಎಳೆದ ಹೊಸ ವಯರುಗಳು ನೆನೆದು, ಕಿಡಿ ಸತ್ತು, ಎಂಜಿನು ತಾನಾಗಿ ನಿಂತಿತ್ತು. ಇಲ್ಲದಿದ್ದರೆ ಆ ಮೋಟು ಗೋಡೆಯೂ ನಿಲ್ಲುತ್ತಿರಲಿಲ್ಲ. ಬೀಗಿತ್ತಿ ಆಚೆ ಮೂಲೆಯಲ್ಲಿ, ಮೈಗೆ ಒದ್ದೆ ಸೀರೆ ಸುತ್ತಿಕೊಂಡು, ತಲೆ ತುಂಬ ಸೀಗೆಯ ನೊರೆ, ಮುಖದ ತುಂಬ ಮಸಿ ಮೆತ್ತಿಕೊಂಡು ನಿಂತಿದ್ದರು. ಒಂದು ಗೀರು ಕೂಡ ಆಗಿರಲಿಲ್ಲ. ಹೊರನಾಡಿನ ಅಮ್ಮನೇ ಕಾದಳು.

"ಅಕ್ಕ..." ಎಂದೆ.

ಅವರು ಟ್ರಾಕ್ಟರಿನ ಮೂತಿಯನ್ನೂ ನನ್ನ ಹಿಟ್ಟಿನ ಕೈಯನ್ನೂ ನೋಡಿದರು. "ನೀರಿದ್ಯನಮ್ಮ? ಕಣ್ಣು ಉರೀತಿದೆ" ಎಂದರು.

ನೀರು ಎಲ್ಲಿತ್ತು? ಹಂಡೆ ಬರಿದಾಗಿತ್ತು. ಮಗಳೂ ನಾನೂ ಅವರಿಗೆ ಕಂಬಳಿ ಹೊದಿಸಿ, ಸಾಲಾಗಿ ನಿಂತ ಬೆನ್ನುಗಳ ಹಿಂದಿನಿಂದ ಅಂಗಳ ದಾಟಿಸಿ, ಅಡುಗೆ ಮನೆಯ ಹಿಂದೆ ಪಾತ್ರೆ ತೊಳೆಯುವ ಕಲ್ಲಿಗೆ ಕರೆತಂದೆವು. ಒಲೆಯ ಮೇಲೆ ಬಿಸಿನೀರೆಂದರೆ ಕಡುಬು ಬೇಯಿಸಲು ಇಟ್ಟದ್ದು ಮಾತ್ರ. ಹಬೆಯ ಪಾತ್ರೆ ಸರಗೋಲಿನ ತಟ್ಟೆಯಿಂದ ಮೊದಲ ಒಬ್ಬೆ ಕಡುಬನ್ನು ಅರೆಬೆಂದಿದ್ದ ಹಾಗೇ ತೆಗೆದಿಟ್ಟು, ಆ ನೀರಿಗೆ ತಣ್ಣೀರು ಬೆರೆಸಿ ಅವರ ತಲೆ ತೊಳೆದೆ. ದೊಡ್ಡ ತೋಟದ ಯಜಮಾನಿತಿ ಪಾತ್ರೆ ತೊಳೆಯುವ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದರು. ನನ್ನ ಬೆರಳ ಸಂದಿಯ ಅಕ್ಕಿ ಹಿಟ್ಟು ಅವರ ಕೂದಲಿಗೆ ಅಂಟುತ್ತಿತ್ತು, ಅದನ್ನು ಬಿಡಿಸಿದಷ್ಟೂ ಮತ್ತೆ ಅಂಟುತ್ತಿತ್ತು. ಅವರು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ತಲೆ ಬಗ್ಗಿಸಿ ಕೂತೇ ಇದ್ದರು. ಮಗಳು ಚೊಂಬು ಹಿಡಿದು ನೀರು ಹೊಯ್ಯುತ್ತ ನನ್ನನ್ನು ನೋಡಿದಳು. ಆ ನೋಟದಲ್ಲಿ ಪರೀಕ್ಷೆ ಬಿಟ್ಟರೆ ಬೇರೇನೂ ಇರಲಿಲ್ಲ. ನಾನು ಕಣ್ಣು ತಪ್ಪಿಸಿದೆ. ಇನ್ನು ಯಾವ ಬಾಯಿಂದ ಕೇಳುವುದು?

ಅಷ್ಟರಲ್ಲಿ ಕೂಲಿ ಲೈನಿನ ಜನವೆಲ್ಲ ಬಂದಿದ್ದರು. ಕುಯ್ಲಿನ ಹೆಂಗಸರು ಸೊಂಟದ ಬುಟ್ಟಿ ಸಮೇತ ಬಂದು ನೋಡುತ್ತಿದ್ದರು. ಬಾಳೂರಿಗೆ ಹೋಗುವ ಬಸ್ಸನ್ನು ಯಾರೋ ಗೇಟಿನ ಹತ್ತಿರ ನಿಲ್ಲಿಸಿ ಸುದ್ದಿ ಹೇಳಿದರಂತೆ, ಕಂಡಕ್ಟರೂ ಇಳಿದು ಬಂದು ಇಣುಕಿ ಹೋದನಂತೆ. ಸಂಜೆಯೊಳಗೆ ಕಳಸದವರೆಗೂ ಈ ಮಾತು ಹೋಗುತ್ತದೆ, ಆ ಸೋದರಮಾವನ ಕಿವಿಗೂ ಬೀಳುತ್ತದೆ ಎಂದು ನನಗೆ ಗೊತ್ತಿತ್ತು. ಅಳಿಯ ಒಳ್ಳೆಯವನು. ಜನರ ನಡುವೆ ಇವರ ಪಕ್ಕಕ್ಕೆ ಹೋಗಿ, ತಗ್ಗಿದ ದನಿಯಲ್ಲಿ ಕೇಳಿದ.

"ಗೇರಲ್ಲಿತ್ತಾ ಮಾವ?"

"ಯಾವಾಗ್ಲೂ ಗೇರಲ್ಲೇ ನಿಲ್ಲಿಸದಲ್ವಾ" ಎಂದರು ಇವರು. ಹೇಳುತ್ತ ಹೇಳುತ್ತಲೇ ಅವರಿಗೆ ಅರ್ಥವಾಯಿತು. ಹಳೆಯ ಸ್ವಿಚ್ಚು ಇದ್ದಿದ್ದರೆ ಗೇರು ಬಿಡಿಸದೆ ಎಂಜಿನು ತಿರುಗುತ್ತಲೇ ಇರಲಿಲ್ಲ. ಅದಕ್ಕಾಗಿಯೇ ಅದನ್ನು ಅಲ್ಲಿ ಕಟ್ಟಿದ್ದರು. ಇವರು ಹೋಗಿ ಕೊಟ್ಟಿಗೆಯ ಹತ್ತಿರ ಚಕ್ರಕ್ಕೆ ಕೊಟ್ಟಿದ್ದ ಕಲ್ಲಿನ ಮೇಲೆ ಕೂತುಬಿಟ್ಟರು. ಅಳಿಯನೇ ಪಂಚೆ ಎತ್ತಿ ಕಟ್ಟಿ, ಜೀಪಿಗೆ ಹಗ್ಗ ಕಟ್ಟಿ, ಜನ ಸೇರಿಸಿ ಟ್ರಾಕ್ಟರನ್ನು ಹಿಂದಕ್ಕೆ ಎಳೆಸಿದ. ಮದುವೆಯಲ್ಲಿ ತಳ್ಳಿದ್ದಾಗಿತ್ತು, ಈಗ ಎಳೆದದ್ದೂ ಆಯಿತು.

ಊಟಕ್ಕೆ ಕೂತಾಗ ಕಡುಬು ನಡುವೆ ಹಸಿಯಿತ್ತು. ಮತ್ತೆ ಬೇಯಿಸಿದ್ದೆ, ಆದರೆ ಒಮ್ಮೆ ಹಬೆ ತಪ್ಪಿದ ಕಡುಬು ಸರಿ ಹೋಗುವುದಿಲ್ಲ. ಬೀಗಿತ್ತಿ ನನ್ನ ಒಗೆದಿಟ್ಟ ಸೀರೆ ಉಟ್ಟು, ಒದ್ದೆ ಕೂದಲನ್ನು ಬೆನ್ನ ಮೇಲೆ ಹರಡಿಕೊಂಡು ಕೂತಿದ್ದರು. ಸಾರು ಚೆನ್ನಾಗಿದೆ ಎಂದು ಎರಡನೆಯ ಸಲ ಹಾಕಿಸಿಕೊಂಡರು. ನನಗೆ ಸಮಾಧಾನ ಮಾಡಲು ಅಂದದ್ದೋ, ನಿಜವಾಗಿ ಅಂದದ್ದೋ ತಿಳಿಯಲಿಲ್ಲ. ಇವರು ಊಟಕ್ಕೆ ಬರಲಿಲ್ಲ. ಎರಡು ಸಲ ಹೇಳಿ ಕಳಿಸಿದ ಮೇಲೆ, ಎಲ್ಲರ ಊಟವಾಗಿ ಎಲೆ ಅಡಿಕೆ ಹಾಕುತ್ತಿದ್ದಾಗ ಜಗಲಿಗೆ ಬಂದರು. ಮೊಣಕೈಗೆ ಕಾಫಿಪುಡಿ ಒತ್ತಿಕೊಂಡಿದ್ದರು. ಯಾರ ಮುಂದೆಯೂ ಬಾಗದ ಮನುಷ್ಯ, ಮಗಳ ಧಾರೆಯ ದಿನ ಬಿಟ್ಟರೆ ಬೀಗರಿಗೆ ಕೈ ಮುಗಿದವರಲ್ಲ. ಅವತ್ತು ಎರಡೂ ಕೈ ಜೋಡಿಸಿ ನಿಂತರು.

"ತಪ್ಪಾಯ್ತು ಅಕ್ಕ. ನಿಮಗೆ ಏನಾದ್ರೂ ಆಗಿದ್ರೆ ನಾನು ಉಳೀತಿರ್ಲಿಲ್ಲ" ಎಂದರು.

ನಾನು ಕಂಬದ ಮರೆಯಲ್ಲಿ ನಿಂತು ನೆಲ ನೋಡುತ್ತಿದ್ದೆ. ಇವರು ಬೈಸಿಕೊಂಡದ್ದನ್ನು ನೋಡಿದ್ದೇನೆ, ಜಗಳ ಆಡಿದ್ದನ್ನು ನೋಡಿದ್ದೇನೆ. ಹಾಗೆ ನಿಂತದ್ದನ್ನು ನೋಡಿರಲಿಲ್ಲ. ಅಳಿಯನೂ ಜಗಲಿಯಿಂದ ಎದ್ದು ಹೊರಗೆ ಹೋದ.

ಬೀಗಿತ್ತಿ ಅಡಿಕೆ ಹೋಳನ್ನು ಬಾಯಿಗೆ ಹಾಕಿಕೊಂಡರು.

"ಕೂತ್ಕಳಿ. ಆಗಿದ್ದು ಆಯ್ತು" ಎಂದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು. "ಹುಡುಗಿ ಪರೀಕ್ಷೆ ಬರೀಬೇಕು ಅಂತ ನಮ್ಮನೇಲೂ ದಿನಾ ಹೇಳ್ತಿದ್ಲು. ಇಲ್ಲಿ ಬಿಟ್ಟು ಹೋಗಣ ಅಂತಲೇ ಕರ್ಕಂಡು ಬಂದಿದ್ದೆ. ಅವಳಿಗೂ ಹೇಳಿರ್ಲಿಲ್ಲ. ಬಟ್ಟೆ ಪೆಟ್ಟಿಗೆ ಜೀಪಿನ ಹಿಂದೆ ಗೋಣಿ ಮುಚ್ಚಿ ಇಟ್ಟಿದೀನಿ."

ಮಗಳು ಬಾಗಿಲ ಹತ್ತಿರ ನಿಂತಿದ್ದವಳು ಅತ್ತೆಯನ್ನೇ ನೋಡಿದಳು. ನನ್ನ ಕೈ ತಾನಾಗಿ ಎದ್ದು ಜೋಡಿಸಿಕೊಳ್ಳುವುದರಲ್ಲಿತ್ತು. ಅವರ ಮಾತು ಇನ್ನೂ ಮುಗಿದಿರಲಿಲ್ಲ.

"ಈಗ ಹೆಂಗೆ ಬಿಡದು, ನೀವೇ ಹೇಳಿ. ಮೀಯಕ್ಕೆ ಜಾಗ ಇಲ್ಲ. ಮೈ ತೊಳ್ಕಳಕ್ಕೆ ಪಾತ್ರೆ ಕಲ್ಲಿಗೆ ಹೋಗಬೇಕು, ಸುತ್ತ ಜನ. ನಮ್ಮನೆ ಸೊಸೆನ ಹಂಗೆ ಬಿಟ್ಟು ಬಂದೆ ಅಂದ್ರೆ ನಮ್ಮೋರು ನನ್ನ ಕೇಳ್ತಾರೆ. ಮೂಡಿಗೆರೆಲಿ ನನ್ನ ತಂಗಿ ಮನೆ ಇದೆ, ಕಾಲೇಜಿಗೆ ಹತ್ತಿರ. ಅಲ್ಲಿದ್ದು ಓದ್ಲಿ. ಸುತ್ತಾದ್ರೂ ಇವತ್ತೇ ಅಲ್ಲಿ ಇಳಿಸಿ ಹೋಗ್ತೀವಿ."

ಗೋಡೆಯನ್ನು ವಾರದೊಳಗೆ ಕಟ್ಟಿಸುತ್ತೇನೆ ಎಂದು ಇವರು ಹೇಳಬಹುದಿತ್ತು. ನಾಳೆಯೇ ತಟ್ಟಿ ಕಟ್ಟಿಸುತ್ತೇನೆ ಎಂದು ನಾನೂ ಹೇಳಬಹುದಿತ್ತು. ಆದರೆ ಬೀಗಿತ್ತಿಯ ಮುಖದ ಮಸಿ ತೊಳೆದಿದ್ದರೂ ಕಿವಿಯ ಹಿಂದೆ ಒಂದಿಷ್ಟು ಹಾಗೇ ಉಳಿದಿತ್ತು. ಅದನ್ನು ನೋಡುತ್ತ ಯಾರು ತಾನೇ ಚೌಕಾಸಿ ಮಾಡಿಯಾರು? "ಹಂಗೇ ಆಗ್ಲಿ ಅಕ್ಕ" ಎಂದೆ.

ಮಗಳಿಗೆ ಬೇಕಾದದ್ದು ಸಿಕ್ಕಿತ್ತು. ಅದನ್ನು ನಾನು ಮರೆಯಬಾರದು. ಕೇಳುವ ಮೊದಲೇ ಸಿಕ್ಕಿತ್ತು, ಅದೂ ನಾವು ಅಂಥ ಅವಮಾನ ಮಾಡಿದ ದಿನವೇ. ಬೇರೆ ಯಾರಾದರೂ ಆಗಿದ್ದರೆ ಹುಡುಗಿಯನ್ನು ಮತ್ತೆ ತವರಿಗೇ ಕಳಿಸುತ್ತಿರಲಿಲ್ಲ. ಅವಳು ಆ ವರ್ಷ ಪರೀಕ್ಷೆ ಬರೆದಳು, ಪಾಸೂ ಆದಳು. ಆದರೆ ಆ ತಿಂಗಳುಗಳಲ್ಲಿ ನಾನು ಮೂಡಿಗೆರೆಗೆ ಹೋದಾಗ ಅವಳನ್ನು ಇನ್ನೊಬ್ಬರ ಮನೆಯ ಜಗಲಿಯಲ್ಲಿ ಕೂತು ನೋಡಿ ಬರುತ್ತಿದ್ದೆ. ಕಾಫಿ ಕೊಡುತ್ತಿದ್ದರು. ಆ ಮನೆಯವರು ಒಂದು ಸಲವೂ ಟ್ರಾಕ್ಟರಿನ ಮಾತು ಎತ್ತಲಿಲ್ಲ. ಅವರು ಎತ್ತದೆ ಇರುವುದನ್ನು ಕೂತು ಕೇಳಿಸಿಕೊಳ್ಳುವುದೇ ಕಷ್ಟವಾಗುತ್ತಿತ್ತು.

ಬಿಸಿಲು ಇಳಿಯುವ ಮೊದಲೇ ಹೊರಟರು. ನಾನು ಬೀಗಿತ್ತಿಗೆ ಕುಂಕುಮ ಕೊಟ್ಟು, ಮಡಿಲಿಗೆ ಅಕ್ಕಿ, ಕಾಯಿ, ರವಿಕೆ ಕಣ ಹಾಕಿ ಕಾಲಿಗೆ ಬಿದ್ದೆ. ಅವರು ನನ್ನನ್ನು ಎಬ್ಬಿಸಿ, "ನಿಮ್ಮೋರಿಗೆ ಬೈಬೇಡಿ. ಇಡೀ ದಿನ ಏನೂ ತಿಂದಿಲ್ಲ ಅವರು" ಎಂದರು. ಜೀಪಿನ ಹಿಂದೆ ಗೋಣಿ ಸರಿಸಿದಾಗ ಮಗಳ ಕಬ್ಬಿಣದ ಪೆಟ್ಟಿಗೆ ಕಂಡಿತು. ಅವಳು ಚಿಕ್ಕವಳಿರುವಾಗಲೇ ನಾವು ಕೊಡಿಸಿದ್ದು. ಇಲ್ಲಿಂದ ಹೊತ್ತುಕೊಂಡು ಹೋದ ಹಾಗೇ ಹಗ್ಗ ಬಿಗಿದಿತ್ತು. ಮಗಳು ಅದರ ಮೇಲೆ ಕೈ ಇಟ್ಟುಕೊಂಡು ಕೂತಳು. ಅವಳ ಮುಖ ನಗುತ್ತಿತ್ತು. ನಗಬೇಕಾದದ್ದೇ. ನಾನೂ ನಕ್ಕೆ. ಜೀಪು ಗೇಟು ದಾಟಿ ತಿರುವಿನಲ್ಲಿ ಮರೆಯಾಗುವ ತನಕ ಇವರು ಕಣದ ಅಂಚಿನಲ್ಲಿ ನಿಂತಿದ್ದರು, ಹತ್ತಿರಕ್ಕೆ ಬರಲಿಲ್ಲ.

ಆಮೇಲೆ ಇವರು ಪಾನೆ ತೆಗೆದುಕೊಂಡು ಹೋಗಿ ಆ ಜೀಪಿನ ಬಟನ್ನನ್ನು ಬಿಚ್ಚುತ್ತ ಕೂತರು. ಬಿಚ್ಚಿದ ವಯರಿನಲ್ಲಿ ನಾನು ಕಟ್ಟಿದ್ದ ಪಟ್ಟಿ ನೇತಾಡುತ್ತಿತ್ತು. ನಾನು ತಟ್ಟೆಯಲ್ಲಿ ಅನ್ನ ಸಾರು ಕಲಸಿ ತೆಗೆದುಕೊಂಡು ಹೋಗಿ ಪಕ್ಕದಲ್ಲಿಟ್ಟೆ. ಇವರು ತಲೆ ಎತ್ತಲಿಲ್ಲ. ತಿರುಗಿ ಬರುವಾಗ ತಟ್ಟೆಯ ಸದ್ದು ಕೇಳಿತು, ಅಷ್ಟು ಸಾಕು ಎನಿಸಿತು.

ಒಳಗೆ ಬೆಳಗಿನ ಹಾಲು ಕಾಯಿಸಿ ಇಟ್ಟದ್ದು ಹಾಗೇ ಇತ್ತು. ಗಲಾಟೆಯಲ್ಲಿ ಯಾರೂ ಮುಟ್ಟಿರಲಿಲ್ಲ, ಒಡೆದೂ ಇರಲಿಲ್ಲ. ಕೈ ತೊಳೆದುಕೊಂಡು, ಮತ್ತೊಮ್ಮೆ ಉಗುರು ಬೆಚ್ಚಗೆ ಮಾಡಿ, ಹೆಪ್ಪು ಹಾಕಿ, ಮುಚ್ಚಿ ಮೂಲೆಯಲ್ಲಿಟ್ಟೆ.